ಕರ್ನಾಟಕದ ಲಾಭರಹಿತ ಸಂಸ್ಥೆಗಳು ಎಷ್ಟು, ಎಂಥವು?

ಪ್ರಶ್ನೆ: ಕರ್ನಾಟಕದಲ್ಲಿ ಒಟ್ಟು ಎಷ್ಟು ಸ್ವಯಂಸೇವಾ ಸಂಸ್ಥೆಗಳಿವೆ? ಒಬ್ಬರು ಲಕ್ಷಕ್ಕೂ ಹೆಚ್ಚು ಎನ್ನುತ್ತಾರೆ, ಇನ್ನೊಬ್ಬರು ಕೆಲವೇ ಸಾವಿರ ಎನ್ನುತ್ತಾರೆ. ನಮ್ಮೂರಿನ ಯುವಕ ಸಂಘ, ಮಠದ ವಿದ್ಯಾಪೀಠ, ವೈದ್ಯಕೀಯ ಕಾಲೇಜು ನಡೆಸುವ ಟ್ರಸ್ಟ್, ಬೆಂಗಳೂರಿನ ದೊಡ್ಡ ಪ್ರತಿಷ್ಠಾನ, ಇವೆಲ್ಲ ಒಂದೇ ಲೆಕ್ಕಕ್ಕೆ ಬರುತ್ತವೆಯೇ? ಈ ಕ್ಷೇತ್ರದ ನಿಜವಾದ ಗಾತ್ರವನ್ನು ತಿಳಿಯುವುದು ಹೇಗೆ?

ಉತ್ತರ: ನಿಮಗೆ ಲಕ್ಷ ಎಂದವರೂ ಕೆಲವೇ ಸಾವಿರ ಎಂದವರೂ ಬಹುಶಃ ಸುಳ್ಳು ಹೇಳಿಲ್ಲ, ಇಬ್ಬರೂ ಬೇರೆ ಬೇರೆ ದಫ್ತರಗಳನ್ನು ತೆರೆದು ನೋಡಿದ್ದಾರೆ, ಅಷ್ಟೆ. ನಮ್ಮ ರಾಜ್ಯದಲ್ಲಿ ಲಾಭರಹಿತ ಸಂಸ್ಥೆಗಳೆಲ್ಲವೂ ಒಂದೆಡೆ ದಾಖಲಾಗುವ ಪುಸ್ತಕವೇ ಇಲ್ಲ. ಸಂಘಗಳು ಒಂದು ಇಲಾಖೆಯಲ್ಲಿ, ಟ್ರಸ್ಟ್‌ಗಳು ಇನ್ನೊಂದರಲ್ಲಿ, ಕಂಪನಿಯ ರೂಪದಲ್ಲಿರುವವು ಕೇಂದ್ರ ಸರ್ಕಾರದ ಕಚೇರಿಯಲ್ಲಿ, ದೇವಾಲಯಗಳು ಮುಜರಾಯಿಯಲ್ಲಿ, ವಕ್ಫ್ ಆಸ್ತಿಗಳು ವಕ್ಫ್ ಮಂಡಳಿಯಲ್ಲಿ ನೋಂದಣಿಯಾಗುತ್ತವೆ. ನೀವು ಹೆಸರಿಸಿದ ನಾಲ್ಕೂ ಕಾನೂನಿನ ದೃಷ್ಟಿಯಿಂದ ಒಂದೇ ಜಾತಿಗೆ ಸೇರುತ್ತವೆ ಎಂಬುದು ನಿಜ. ಆದರೆ ಅವುಗಳನ್ನು ಒಟ್ಟುಗೂಡಿಸಿ ಸಿಗುವ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ ಎಂಬುದೂ ಅಷ್ಟೇ ನಿಜ.

ದೇಶದ ಮಟ್ಟದಲ್ಲಿ ಇಂಥ ಎಣಿಕೆಗೆ ಕೈಹಾಕಿದವರಿಗೆ ಏನಾಯಿತು ಎಂಬುದನ್ನು ಮೊದಲು ನೋಡೋಣ. ಕೇಂದ್ರ ಸಾಂಖ್ಯಿಕ ಸಂಸ್ಥೆಯು ರಾಜ್ಯಗಳ ನೋಂದಣಿ ಪುಸ್ತಕಗಳನ್ನು ಆಧರಿಸಿ ನಡೆಸಿದ ಸಮೀಕ್ಷೆಯ ಮೊದಲ ಹಂತದಲ್ಲಿ ದೇಶದಲ್ಲಿ ಸುಮಾರು 31.7 ಲಕ್ಷ ಲಾಭರಹಿತ ಸಂಘಗಳು ದಾಖಲಾಗಿರುವುದು ಕಂಡುಬಂದಿತು. ಎರಡನೇ ಹಂತದಲ್ಲಿ ಸಿಬ್ಬಂದಿ ವಿಳಾಸ ಹುಡುಕಿಕೊಂಡು ಹೋದಾಗ ಪತ್ತೆಯಾದವು ಸುಮಾರು 7 ಲಕ್ಷ ಮಾತ್ರ. ಮುಂದೆ 2015ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ಸಿಬಿಐ ರಾಜ್ಯಗಳಿಂದ ಅಂಕಿ-ಅಂಶ ಸಂಗ್ರಹಿಸಿದಾಗಲೂ ಮೊತ್ತ 31 ಲಕ್ಷದ ಆಸುಪಾಸಿನಲ್ಲೇ ನಿಂತಿತು. ಅವುಗಳಲ್ಲಿ ಲೆಕ್ಕಪತ್ರ ಸಲ್ಲಿಸುತ್ತಿದ್ದವು ಶೇ 10ಕ್ಕಿಂತಲೂ ಕಡಿಮೆ. ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಆ ಪಟ್ಟಿ ಸಿದ್ಧವಾಗುವ ಹೊತ್ತಿಗೆ ಮಾಹಿತಿ ಕೊಡದೆ ಉಳಿದಿದ್ದ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಸಂಘವೊಂದು ಹುಟ್ಟಿದಾಗ ಅದನ್ನು ದಾಖಲಿಸಿಕೊಳ್ಳಲು ಕಚೇರಿಯಿದೆ, ಶುಲ್ಕವಿದೆ, ಪ್ರಮಾಣಪತ್ರವಿದೆ. ಅದು ನಿಂತುಹೋದಾಗ ಹೋಗಿ ತಿಳಿಸುವವರು ಯಾರೂ ಇಲ್ಲ. ಪುಸ್ತಕದಲ್ಲಿರುವ ಸಂಖ್ಯೆ ಹೀಗೆ ಏರುತ್ತಲೇ ಇರುತ್ತದೆ, ಇಳಿಯುವುದು ಅಪರೂಪ.

ಇನ್ನು ಯಾವುದನ್ನು ಲಾಭರಹಿತ ಎನ್ನಬೇಕು ಎಂಬ ಪ್ರಶ್ನೆ. ರಾಷ್ಟ್ರೀಯ ಲೆಕ್ಕಾಚಾರಕ್ಕಾಗಿ ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಕೈಪಿಡಿ ಐದು ಲಕ್ಷಣಗಳನ್ನು ಹೇಳುತ್ತದೆ: ಸಂಸ್ಥೆಗೆ ಒಂದು ಸಂಘಟಿತ ರೂಪವಿರಬೇಕು, ಅದು ಸರ್ಕಾರದ ಅಂಗವಾಗಿರಬಾರದು, ಉಳಿದ ಹಣವನ್ನು ಸದಸ್ಯರಿಗೋ ಸ್ಥಾಪಕರಿಗೋ ಹಂಚಬಾರದು, ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳಬೇಕು, ಮತ್ತು ಅದರಲ್ಲಿ ಸೇರುವುದು ಒತ್ತಾಯದಿಂದಾಗಿರಬಾರದು. ಇವುಗಳಲ್ಲಿ ನಿರ್ಣಾಯಕವಾದುದು ಮೂರನೆಯದು, ಜನ ಹೆಚ್ಚಾಗಿ ತಪ್ಪು ತಿಳಿಯುವುದೂ ಅದನ್ನೇ. ಲಾಭರಹಿತ ಎಂದರೆ ಖರ್ಚು ಕಳೆದು ಹಣ ಉಳಿಯಬಾರದು ಎಂದಲ್ಲ. ಉಳಿದದ್ದು ಯಾರ ಕಿಸೆಗೂ ಹೋಗದೆ ಸಂಸ್ಥೆಯ ಉದ್ದೇಶಕ್ಕೇ ಮರಳಬೇಕು ಎಂದು ಅರ್ಥ. ಈ ಒರೆಗಲ್ಲಿಗೆ ಹಚ್ಚಿದರೆ ಸಹಕಾರ ಸಂಘಗಳು ಹೊರಗುಳಿಯುತ್ತವೆ, ಏಕೆಂದರೆ ಅವು ಷೇರುದಾರರಿಗೆ ಡಿವಿಡೆಂಡ್ ಕೊಡುತ್ತವೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಂಘದಿಂದ ಇಂದಿನ ಹಾಲು ಉತ್ಪಾದಕರ ಸಂಘಗಳವರೆಗೆ ನಮ್ಮ ಸಹಕಾರ ಪರಂಪರೆ ಎಷ್ಟೇ ದೊಡ್ಡದಾದರೂ ಅದು ಬೇರೆಯೇ ಲೆಕ್ಕ. ಸದಸ್ಯರ ಉಳಿತಾಯವನ್ನೇ ಬಂಡವಾಳವಾಗಿಸಿಕೊಂಡ ಮಹಿಳಾ ಸ್ವಸಹಾಯ ಗುಂಪುಗಳನ್ನೂ, ಸರ್ಕಾರದ ಆದೇಶದಿಂದ ಅಸ್ತಿತ್ವಕ್ಕೆ ಬಂದ ಶಾಲಾಭಿವೃದ್ಧಿ ಸಮಿತಿಗಳನ್ನೂ ನಾನು ಈ ಎಣಿಕೆಯಿಂದ ಹೊರಗಿಡುತ್ತೇನೆ. ಕೆಲವರು ಇವುಗಳನ್ನೂ ಸೇರಿಸಿಕೊಳ್ಳುತ್ತಾರೆ. ಆಗ ಮೊತ್ತ ಒಮ್ಮೆಗೇ ಹಲವು ಪಟ್ಟು ಹಿಗ್ಗುತ್ತದೆ.

ದೊಡ್ಡ ಸಂಖ್ಯೆ ಹೇಳುವವರು ಸಾಮಾನ್ಯವಾಗಿ ನೋಡುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ದಾಖಲಾದ ಸಂಘಗಳನ್ನು. ಏಳು ಮಂದಿ ಸೇರಿ ಬೈಲಾ ಬರೆದುಕೊಂಡು ಹೋದರೆ ಸಹಕಾರ ಇಲಾಖೆಯ ಅಧಿಕಾರಿಯೇ ಆಗಿರುವ ಜಿಲ್ಲಾ ನೋಂದಣಾಧಿಕಾರಿಗಳು ಸಂಘವನ್ನು ದಾಖಲಿಸಿಕೊಳ್ಳುತ್ತಾರೆ. ಯುವಕ ಸಂಘ, ಮಹಿಳಾ ಮಂಡಳಿ, ಕನ್ನಡ ಸಂಘ, ಜಾತಿವಾರು ಕ್ಷೇಮಾಭಿವೃದ್ಧಿ ಸಂಘ, ನೌಕರರ ಸಂಘ, ಬಡಾವಣೆಯ ನಿವಾಸಿಗಳ ಸಂಘ, ಕ್ರೀಡಾ ಕ್ಲಬ್, ಭಜನಾ ಮಂಡಳಿ, ಶಾಲೆ ನಡೆಸುವ ವಿದ್ಯಾಸಂಸ್ಥೆ ಎಲ್ಲವೂ ಈ ಒಂದೇ ಕಾಯ್ದೆಯ ಕೆಳಗೆ ಬರುತ್ತವೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಲ್ಲಿಸಬೇಕೆಂದು ಕಾಯ್ದೆ ಹೇಳುತ್ತದೆ. ಆಡಳಿತ ಹದಗೆಟ್ಟರೆ ವಿಚಾರಣೆ ನಡೆಸಲು, ಆಡಳಿತಾಧಿಕಾರಿಯನ್ನು ನೇಮಿಸಲು ಅವಕಾಶವನ್ನೂ ಕೊಡುತ್ತದೆ. ಆದರೆ ಆ ಅವಕಾಶ ಬಳಕೆಯಾಗುವುದು ಹೆಚ್ಚಾಗಿ ಆಸ್ತಿಯುಳ್ಳ ದೊಡ್ಡ ಸಂಘಗಳಲ್ಲಿ ಚುನಾವಣೆಯ ಜಗಳ ಎದ್ದಾಗ. ಗಣೇಶೋತ್ಸವಕ್ಕೆಂದು ನೋಂದಣಿ ಮಾಡಿಸಿ, ಎರಡು ವರ್ಷ ನಡೆದು, ಪದಾಧಿಕಾರಿಗಳು ಊರು ಬಿಟ್ಟ ಮೇಲೆ ನಿಂತುಹೋದ ಸಂಘವನ್ನು ವಿಚಾರಿಸಲು ಯಾವ ಕಚೇರಿಗೂ ಪುರಸೊತ್ತಿಲ್ಲ, ಅದರಿಂದ ಯಾರಿಗೂ ನಷ್ಟವೂ ಇಲ್ಲ.

ಟ್ರಸ್ಟ್‌ಗಳ ಸ್ಥಿತಿ ಇದಕ್ಕಿಂತ ಗೋಜಲು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯೂ ಅದನ್ನು ಜಾರಿಗೊಳಿಸುವ ಚಾರಿಟಿ ಕಮಿಷನರ್ ಕಚೇರಿಯೂ ಇವೆ. ನಮ್ಮಲ್ಲಿ ಎಲ್ಲ ಸಾರ್ವಜನಿಕ ದತ್ತಿಗಳನ್ನೂ ವ್ಯಾಪಿಸುವ ಅಂಥ ಕಾಯ್ದೆಯಿಲ್ಲ. ಟ್ರಸ್ಟ್ ಪತ್ರ ಬರೆದು ಮನೆ-ಜಮೀನು ನೋಂದಾಯಿಸುವ ಉಪನೋಂದಣಾಧಿಕಾರಿಗಳ ಕಚೇರಿಯಲ್ಲೇ ಅದನ್ನೂ ನೋಂದಾಯಿಸಲಾಗುತ್ತದೆ. ಅನೇಕ ಟ್ರಸ್ಟ್‌ಗಳು ತಮ್ಮ ಲೆಟರ್‌ಹೆಡ್‌ನಲ್ಲಿ 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ನೋಂದಾಯಿತ ಎಂದು ಅಚ್ಚು ಹಾಕಿಸಿಕೊಳ್ಳುವುದುಂಟು. ಆ ಕಾಯ್ದೆಯಾದರೋ ಸಾರ್ವಜನಿಕ ಧಾರ್ಮಿಕ, ದತ್ತಿ ನಿಧಿಗಳಿಗೆ ತಾನು ಅನ್ವಯಿಸುವುದಿಲ್ಲ ಎಂದು ತನ್ನ ಮೊದಲನೇ ಕಲಮಿನಲ್ಲೇ ಹೇಳಿಬಿಟ್ಟಿದೆ. ಎಣಿಕೆಗೆ ದೊಡ್ಡ ತೊಡಕಾಗುವುದು 1908ರ ನೋಂದಣಿ ಕಾಯ್ದೆಯ ಒಂದು ವ್ಯವಸ್ಥೆ. ಸ್ಥಿರಾಸ್ತಿಗೆ ಸಂಬಂಧಿಸಿದ ದಸ್ತಾವೇಜು ಒಂದನೇ ಪುಸ್ತಕದಲ್ಲಿ ದಾಖಲಾಗುತ್ತದೆ, ಅದನ್ನು ಯಾರು ಬೇಕಾದರೂ ನೋಡಬಹುದು. ಸ್ಥಿರಾಸ್ತಿಯಿಲ್ಲದೆ ಒಂದಷ್ಟು ಸಾವಿರ ರೂಪಾಯಿಯ ಮೂಲನಿಧಿಯಿಂದ ಆರಂಭವಾಗುವ ಟ್ರಸ್ಟ್‌ನ ಪತ್ರ ನಾಲ್ಕನೇ ಪುಸ್ತಕಕ್ಕೆ ಹೋಗುತ್ತದೆ, ಅದರ ನಕಲು ಸಿಗುವುದು ಪತ್ರ ಬರೆದುಕೊಟ್ಟವರಿಗೆ, ಅದರಡಿ ಹಕ್ಕುಳ್ಳವರಿಗೆ ಮತ್ತು ಅವರ ಪ್ರತಿನಿಧಿಗಳಿಗೆ ಮಾತ್ರ. ಸಾರ್ವಜನಿಕರ ಹಿತಕ್ಕೆಂದೇ ಹುಟ್ಟಿದ ಸಂಸ್ಥೆಯ ಮೂಲಪತ್ರ ಸಾರ್ವಜನಿಕರ ಕಣ್ಣಿಗೆ ಬೀಳದಂತಿರುವ ಈ ಏರ್ಪಾಡು ಬದಲಾಗಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಮೂರನೆಯದು 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಕಂಪನಿಗಳು, ಅಂದರೆ ಹಿಂದಿನ 1956ರ ಕಾಯ್ದೆಯಲ್ಲಿ 25ನೇ ಸೆಕ್ಷನ್ನಿನಡಿ ಇದ್ದವು. ಸಂಖ್ಯೆಯಲ್ಲಿ ಇವು ಕಡಿಮೆ, ಆದರೆ ದಾಖಲೆ ಅಚ್ಚುಕಟ್ಟು. ಪ್ರತಿ ವರ್ಷದ ವರದಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿದರೆ ಸಿಗುತ್ತದೆ. ಬೆಂಗಳೂರಿನಲ್ಲಿ ಇತ್ತೀಚೆಗೆ ಹುಟ್ಟುತ್ತಿರುವ, ವೃತ್ತಿಪರ ಸಿಬ್ಬಂದಿಯಿರುವ ಸಂಸ್ಥೆಗಳು ಈ ರೂಪವನ್ನು ಹೆಚ್ಚು ಆರಿಸಿಕೊಳ್ಳುತ್ತಿವೆ.

ಧಾರ್ಮಿಕ ಸಂಸ್ಥೆಗಳನ್ನು ಸೇರಿಸುವುದೋ ಬಿಡುವುದೋ ಎಂಬುದರ ಮೇಲೂ ಮೊತ್ತ ಬಹಳ ಬದಲಾಗುತ್ತದೆ. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಯ ವ್ಯಾಪ್ತಿಯಲ್ಲಿ ಸುಮಾರು 34,000 ಅಧಿಸೂಚಿತ ದೇವಾಲಯಗಳಿವೆ. ವಾರ್ಷಿಕ ಆದಾಯ 25 ಲಕ್ಷ ರೂಪಾಯಿ ಮೀರಿದವು ‘ಎ’ ವರ್ಗ, 5ರಿಂದ 25 ಲಕ್ಷದವರೆಗಿನವು ‘ಬಿ’, ಉಳಿದವು ‘ಸಿ’. ಎ ಮತ್ತು ಬಿ ಎರಡೂ ಸೇರಿದರೂ ಕೆಲವು ನೂರನ್ನು ದಾಟುವುದಿಲ್ಲ, ಮಿಕ್ಕವೆಲ್ಲ ‘ಸಿ’. ಆದರೆ ಇವುಗಳ ಆಡಳಿತದಲ್ಲಿ ಸರ್ಕಾರದ ಕೈ ಇರುವುದರಿಂದ ಇವು ಸ್ವಯಮಾಡಳಿತವುಳ್ಳ ಖಾಸಗಿ ಸಂಸ್ಥೆಗಳಲ್ಲ ಎಂದು ವಾದಿಸಬಹುದು. ಮಠಗಳು ಈ ಕಾಯ್ದೆಯ ಹೊರಗಿವೆ. ಚರ್ಚಿನ ಧರ್ಮಪ್ರಾಂತಗಳು ತಮ್ಮದೇ ಸಂಘ, ಟ್ರಸ್ಟ್‌ಗಳ ಮೂಲಕ ಶಾಲೆ-ಆಸ್ಪತ್ರೆ ನಡೆಸುತ್ತವೆ. ನನ್ನ ಪದ್ಧತಿ ಹೀಗೆ: ಪೂಜಾಸ್ಥಳವನ್ನು ಬಿಟ್ಟುಬಿಡುವುದು, ಅದರ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆ, ಆಸ್ಪತ್ರೆ, ದಾಸೋಹಗಳನ್ನು ಎಣಿಸುವುದು.

ಹಣದ ಕಡೆಯಿಂದ ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ. ಸಂಖ್ಯೆಯಲ್ಲಿ ಬಹುಪಾಲು ಇರುವುದು ವರ್ಷಕ್ಕೆ ಕೆಲವು ಸಾವಿರವೋ ಒಂದೆರಡು ಲಕ್ಷವೋ ಖರ್ಚು ಮಾಡುವ, ಸಂಬಳದ ನೌಕರರಿಲ್ಲದ ಸಂಘಗಳು. ಹಣ, ಆಸ್ತಿ, ಉದ್ಯೋಗದಲ್ಲಿ ಬಹುಪಾಲು ಇರುವುದು ಶಿಕ್ಷಣ ಮತ್ತು ಆರೋಗ್ಯದ ಸಂಸ್ಥೆಗಳಲ್ಲಿ. ವಿಜಯಪುರದ ಬಿಎಲ್‌ಡಿಇ 1910ರಿಂದ, ಏಳು ಮಂದಿ ಯುವ ಶಿಕ್ಷಕರು ಬೆಳಗಾವಿಯಲ್ಲಿ ಕಟ್ಟಿದ ಕೆಎಲ್‌ಇ ಸಂಸ್ಥೆ 1916ರಿಂದ, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ 1942ರಿಂದ, ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ 1954ರಿಂದ ನಡೆದುಬಂದಿವೆ. ಕಲಬುರಗಿಯ ಎಚ್‌ಕೆಇ ಸಂಸ್ಥೆ, ಆದಿಚುಂಚನಗಿರಿಯ ಶಿಕ್ಷಣ ಟ್ರಸ್ಟ್, ತುಮಕೂರಿನ ಸಿದ್ಧಗಂಗಾ ಮಠದ ವಿದ್ಯಾಸಂಸ್ಥೆಗಳೂ ಇದೇ ಸಾಲಿನವು. ಸರ್ಕಾರದ ಬೊಕ್ಕಸ ಬಡವಾಗಿದ್ದ ಕಾಲದಲ್ಲಿ ವಿದ್ಯೆಯನ್ನು ಜಿಲ್ಲೆಗಳಿಗೆ ಒಯ್ದವು ಇವು. ದಾನಿಗಳ ಜಮೀನು, ಮಠಗಳ ಪ್ರಭಾವ, ಸಮುದಾಯಗಳ ವಂತಿಗೆ ಇವುಗಳ ಮೊದಲ ಬಂಡವಾಳವಾಗಿತ್ತು.

ಇಂದು ಈ ಗುಂಪಿನ ಆದಾಯದ ಬಹುಭಾಗ ಬರುವುದು ದಾನದಿಂದಲ್ಲ, ಶುಲ್ಕದಿಂದ. ಶಾಲಾ-ಕಾಲೇಜುಗಳನ್ನು ಸಾಮಾನ್ಯವಾಗಿ ಟ್ರಸ್ಟ್, ಸಂಘದಂಥ ಲಾಭರಹಿತ ರೂಪದ ಮೂಲಕವೇ ನಡೆಸಬೇಕಾದುದರಿಂದ ವ್ಯಾಪಾರದ ಮನಸ್ಸಿನಿಂದ ಕಾಲೇಜು ತೆರೆಯುವವನೂ ಕಾಗದದ ಮೇಲೆ ಲಾಭರಹಿತನೇ. ಈ ವಿಷಯದಲ್ಲಿ ದೇಶದ ಕಾನೂನನ್ನು ರೂಪಿಸಿದ ಎರಡು ದೊಡ್ಡ ಮೊಕದ್ದಮೆಗಳೂ ಕರ್ನಾಟಕದಿಂದಲೇ ಹೋದವು ಎಂಬುದು ಕಾಕತಾಳೀಯವಲ್ಲ. 1992ರ ಮೋಹಿನಿ ಜೈನ್ ಪ್ರಕರಣ ಕ್ಯಾಪಿಟೇಶನ್ ಶುಲ್ಕದ, ಅಂದರೆ ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ವಸೂಲಿ ಮಾಡುವ ಹಣದ ಬಗ್ಗೆಯಿತ್ತು. 2002ರ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಖಾಸಗಿ ಸಂಸ್ಥೆಗಳು ಬೆಳವಣಿಗೆಗೆ ಬೇಕಾದಷ್ಟು ಸಮಂಜಸ ಉಳಿತಾಯ ಮಾಡಿಕೊಳ್ಳಬಹುದು, ಆದರೆ ಲಾಭಕೋರತನ ಸಲ್ಲದು ಎಂದಿತು. ಸಮಂಜಸ ಉಳಿತಾಯಕ್ಕೂ ಲಾಭಕೋರತನಕ್ಕೂ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ವ್ಯಾಜ್ಯ ಇಂದಿಗೂ ಮುಗಿದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿರುವ ವೈದ್ಯಕೀಯ ಕಾಲೇಜಿನ ಟ್ರಸ್ಟ್ ಖಂಡಿತವಾಗಿ ಲೆಕ್ಕಕ್ಕೆ ಬರುತ್ತದೆ. ಆದರೆ ಅದನ್ನು ಯುವಕ ಸಂಘದ ಜೊತೆ ಕೂಡಿಸಿ ಸರಾಸರಿ ತೆಗೆದರೆ ಬರುವ ಅಂಕಿ ಎರಡನ್ನೂ ಪ್ರತಿನಿಧಿಸುವುದಿಲ್ಲ.

ಪತ್ರಿಕೆಗಳಲ್ಲಿ ಎನ್‌ಜಿಒ ಎಂದು ಕರೆಸಿಕೊಳ್ಳುವ ಅಭಿವೃದ್ಧಿ ಸಂಸ್ಥೆಗಳು ಸಂಖ್ಯೆಯಲ್ಲಿ ಸಣ್ಣ ಸಂಘಗಳಿಗಿಂತ, ಹಣದಲ್ಲಿ ಶಿಕ್ಷಣ-ಆರೋಗ್ಯದ ಸಂಸ್ಥೆಗಳಿಗಿಂತ ಚಿಕ್ಕವು. ಕೆಲವೇ ಸಾವಿರ ಎಂದವರ ಕಣ್ಣಿನಲ್ಲಿರುವುದು ಇವೇ. ಆದರೂ ರಾಜ್ಯದ, ಕೆಲವೊಮ್ಮೆ ದೇಶದ ಕಾರ್ಯಕ್ರಮಗಳ ಮೇಲೆ ಇವು ಬೀರಿದ ಪ್ರಭಾವ ಗಾತ್ರಕ್ಕೆ ಮೀರಿದ್ದು. ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಆರಂಭವಾದ ಮೈರಾಡ, ಎಂಬತ್ತರ ದಶಕದಲ್ಲಿ ಹಳ್ಳಿಗಳಲ್ಲಿ ಪರಸ್ಪರ ನಂಬಿಕೆಯುಳ್ಳವರ ಚಿಕ್ಕ ಉಳಿತಾಯ ಗುಂಪುಗಳನ್ನು ಕಟ್ಟಿತು. ಆ ಅನುಭವವೂ ಸೇರಿ 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ರೂಪಿಸಿತು. 1982ರಲ್ಲಿ ಧರ್ಮಸ್ಥಳ ಮತ್ತು ಎರಡು ಬ್ಯಾಂಕುಗಳು ಸೇರಿ ಉಜಿರೆಯಲ್ಲಿ ತೆರೆದ, ಗ್ರಾಮೀಣ ಯುವಜನರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ತರಬೇತಿ ಸಂಸ್ಥೆಯ ಮಾದರಿ ಮುಂದೆ ದೇಶದ ಜಿಲ್ಲೆಗಳಿಗೆಲ್ಲ ಹಬ್ಬಿತು. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಆ ಬಳಿಕ ಬಂದ ಕರುಣಾ ಟ್ರಸ್ಟ್, ಮೈಸೂರಿನ ವೈದ್ಯ ವಿದ್ಯಾರ್ಥಿಗಳು 1984ರಲ್ಲಿ ಆರಂಭಿಸಿ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಒಯ್ದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಇವು ವೈದ್ಯರಿಲ್ಲದ ಕಡೆಗೆ ವೈದ್ಯರನ್ನು ಕರೆದೊಯ್ದವು. ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ವಹಿಸಿಕೊಂಡಿದ್ದು, ಸರ್ಕಾರದ ಆಸ್ಪತ್ರೆಯನ್ನು ಖಾಸಗಿ ಟ್ರಸ್ಟ್ ನಡೆಸಬಹುದೇ ಎಂಬ ಚರ್ಚೆಗೆ ಒಂದು ಜೀವಂತ ಉದಾಹರಣೆಯನ್ನು ಒದಗಿಸಿತು.

ಬೆಂಗಳೂರಿನ ದೊಡ್ಡ ಪ್ರತಿಷ್ಠಾನಗಳ ಕಥೆ ಬೇರೆ. ಮಾಹಿತಿ ತಂತ್ರಜ್ಞಾನದಿಂದ ಬಂದ ಸಂಪತ್ತು ಇಪ್ಪತ್ತೈದು ವರ್ಷಗಳಲ್ಲಿ ಹಿಂದೆಂದೂ ಕಾಣದ ಗಾತ್ರದ ದತ್ತಿಗಳನ್ನು ಹುಟ್ಟುಹಾಕಿದೆ. ಅಜೀಂ ಪ್ರೇಮ್‌ಜಿ ಅವರು ತಮ್ಮ ಪ್ರತಿಷ್ಠಾನದ ಕಾರ್ಯಗಳಿಗೆ ಮೀಸಲಿಟ್ಟ ಷೇರುಗಳ ಒಟ್ಟು ಮೌಲ್ಯ 2019ರ ಹೊತ್ತಿಗೆ ಸುಮಾರು 1.45 ಲಕ್ಷ ಕೋಟಿ ರೂಪಾಯಿಗೆ ಮುಟ್ಟಿತ್ತು. ರಾಜ್ಯದ ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ದಿನ ಸರ್ಕಾರ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ವಿಸ್ತರಿಸಲು ಆ ಪ್ರತಿಷ್ಠಾನ 2024ರಲ್ಲಿ ಮೂರು ವರ್ಷಗಳಿಗೆ 1,500 ಕೋಟಿ ರೂಪಾಯಿಗೂ ಹೆಚ್ಚು ಕೊಡಲು ಒಪ್ಪಿತು. ರಾಜ್ಯದ ಸಾವಿರಾರು ಸಣ್ಣ ಸಂಘಗಳ ವಾರ್ಷಿಕ ಖರ್ಚನ್ನು ಕೂಡಿಸಿದರೂ ಈ ಒಂದು ಒಪ್ಪಂದದ ಹತ್ತಿರ ಬರುವುದು ಕಷ್ಟ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರೊಂದಿಗೆ ಆರಂಭವಾದ ಅಕ್ಷಯ ಪಾತ್ರ ಇಂದು ಹಲವು ರಾಜ್ಯಗಳಲ್ಲಿದೆ. ಅದರ ಕೆಲಸದ ದೊಡ್ಡ ಭಾಗ ಸರ್ಕಾರದ ಧಾನ್ಯ ಮತ್ತು ಅನುದಾನದ ಮೇಲೆ ನಿಂತಿದೆ. ಇಂಥವನ್ನು ಕರ್ನಾಟಕದ ಸಂಸ್ಥೆ ಎಂದು ಲೆಕ್ಕ ಹಾಕುವಾಗ ಒಂದು ಎಚ್ಚರ ಬೇಕು. ನೋಂದಣಿ ಇಲ್ಲಿದ್ದರೂ ಖರ್ಚು ಛತ್ತೀಸಗಢದಲ್ಲೋ ರಾಜಸ್ಥಾನದಲ್ಲೋ ಆಗುತ್ತಿರಬಹುದು.

ಸಾಹಿತ್ಯ, ಕಲೆಗಳ ಸಂಸ್ಥೆಗಳನ್ನು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆಯಲಾಗುತ್ತದೆ. 1890ರ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರ ಕನ್ನಡ ಸಾಹಿತ್ಯ ಪರಿಷತ್ತು, 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ಕೂಡ ಲಾಭರಹಿತ ಕ್ಷೇತ್ರದವೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸಿ ಮಾರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವೂ ಇದೇ ಕ್ಷೇತ್ರದ್ದು. ಸರಕು ಮಾರಿದ ಮಾತ್ರಕ್ಕೆ ಸಂಸ್ಥೆ ವ್ಯಾಪಾರಿಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಸಕ್ರಿಯವಾಗಿರುವ ಸಂಸ್ಥೆಗಳಷ್ಟನ್ನೇ ಎಣಿಸಬೇಕೆಂದರೆ ನೋಂದಣಿ ಪುಸ್ತಕಗಳಿಗಿಂತ ತೆರಿಗೆಯ ಪುಸ್ತಕ ಹೆಚ್ಚು ನಂಬಿಕಸ್ಥ. 2021ರ ಏಪ್ರಿಲ್‌ನಿಂದ ತೆರಿಗೆ ವಿನಾಯಿತಿ ಬೇಕಾದ ಹಳೆಯ ಸಂಸ್ಥೆಗಳೆಲ್ಲ ಮತ್ತೆ ಅರ್ಜಿ ಹಾಕಿಕೊಳ್ಳಬೇಕಾಯಿತು, ಮಾನ್ಯತೆಗೆ ಅವಧಿಯೂ ನಿಗದಿಯಾಯಿತು. ಬದುಕಿಲ್ಲದ ಸಂಸ್ಥೆ ಅರ್ಜಿ ಹಾಕುವುದಿಲ್ಲವಾದ್ದರಿಂದ ಜೊಳ್ಳು ತಾನಾಗಿ ಹಾರಿಹೋಯಿತು. ವಿದೇಶಿ ದೇಣಿಗೆ ಪಡೆಯಲು ಕೇಂದ್ರದ ಪರವಾನಗಿಯಿರುವ ಸಂಸ್ಥೆಗಳ ಪಟ್ಟಿ ಇನ್ನೂ ಕಿರಿದು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ಆದ 2020ರ ತಿದ್ದುಪಡಿಯ ನಂತರ ವಿದೇಶಿ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯೊಂದಕ್ಕೇ ಬರಬೇಕು, ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಇಡೀ ದೇಶದಲ್ಲೇ ಸಕ್ರಿಯ ಪರವಾನಗಿಯುಳ್ಳವು 20,000ಕ್ಕಿಂತ ಕಡಿಮೆ. ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ದೊಡ್ಡ ಸಂಸ್ಥೆಗಳ ಮೂಲಕ ಹರಿದುಬರುತ್ತಿದ್ದ ಹಣ ಇದರಿಂದ ನಿಂತುಹೋಯಿತು. ಅದರ ಜಾಗಕ್ಕೆ ಬಂದ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಅಂದರೆ 2014ರಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟು ತೆಗೆದಿಡಬೇಕಾದ ಸಿಎಸ್‌ಆರ್, ಕಂಪನಿಯ ಕಾರ್ಖಾನೆ ಅಥವಾ ಕಚೇರಿ ಇರುವ ಕಡೆಗೇ ವಾಲುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳ ಪಟ್ಟಿಯನ್ನು ಈ ಹಣದ ಹಂಚಿಕೆಯ ಪಕ್ಕದಲ್ಲಿಟ್ಟು ನೋಡಿದರೆ, ಅಗತ್ಯ ಒಂದು ಕಡೆ, ಹಣ ಇನ್ನೊಂದು ಕಡೆ ಎಂಬುದು ಎದ್ದು ಕಾಣುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುವುದಾದರೆ, ಇಡೀ ರಾಜ್ಯದ ಗಾತ್ರವನ್ನು ಒಬ್ಬರೇ ಅಳೆಯುವುದು ಸಾಧ್ಯವಿಲ್ಲ, ಆದರೆ ನಿಮ್ಮ ತಾಲ್ಲೂಕಿನದನ್ನು ಅಳೆಯಬಹುದು. ಮಾಹಿತಿ ಹಕ್ಕು ಕಾಯ್ದೆಯಡಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಿಗೆ ಒಂದು ಅರ್ಜಿ ಕೊಡಿ. ತಾಲ್ಲೂಕಿನಲ್ಲಿ ನೋಂದಣಿಯಾದ ಸಂಘಗಳೆಷ್ಟು ಎಂದು ಮಾತ್ರ ಕೇಳಬೇಡಿ. ಕಳೆದ ಮೂರು ವರ್ಷಗಳಲ್ಲಿ ಲೆಕ್ಕಪತ್ರ ಸಲ್ಲಿಸಿದವು ಯಾವುವು ಎಂಬ ಪಟ್ಟಿಯನ್ನೂ ಕೇಳಿ. ಎರಡು ಸಂಖ್ಯೆಗಳ ನಡುವಿನ ಅಂತರವೇ ನಿಮಗೆ ಬೇಕಾದ ಮೊದಲ ಉತ್ತರ. ಟ್ರಸ್ಟ್‌ಗಳಿಗೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿರುವ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯನ್ನೂ, ಕಂಪನಿಗಳಿಗೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣವನ್ನೂ ನೋಡಿ. ನೀತಿ ಆಯೋಗದ ದರ್ಪಣ್ ಪಟ್ಟಿ ಸರ್ಕಾರದ ಅನುದಾನ ಬಯಸುವವರು ತಾವಾಗಿ ಸೇರುವಂಥದ್ದು; ಅದನ್ನು ಪೂರ್ಣ ಎಣಿಕೆಯೆಂದು ಭಾವಿಸಬಾರದು. ಯಾವುದಾದರೂ ಸಂಸ್ಥೆ ಸರ್ಕಾರದ ಹಣದಿಂದ ಗಣನೀಯವಾಗಿ ನಡೆಯುತ್ತಿದ್ದರೆ ಅದರ ಲೆಕ್ಕವನ್ನು ನೇರವಾಗಿ ಅದರಿಂದಲೇ ಕೇಳಬಹುದು: ಅಂಥ ಸಂಸ್ಥೆಗಳೂ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಅರ್ಜಿಯಲ್ಲಿ ಆ ತೀರ್ಪನ್ನು ಉಲ್ಲೇಖಿಸಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.